ಮಡಿ

ಕಾಕಸಸ್ ಬೆಟ್ಟದ ಸಂದಿನ ಶಾವ್‌ಖೇವಿಯಲ್ಲಿ
ಹಿಮ ಕೂಡ ಬೂದಿಯ ಬಣ್ಣದಲ್ಲೇ ಬೀಳುತ್ತದೆ.
ಕಲ್ಲಿದ್ದಲ ಗಣಿಯ ಬಾಯಲ್ಲೊಂದು ಸ್ನಾನದ ಮನೆ,
ಅಲ್ಲಿ ಇಪ್ಪತ್ತಾರು ವರ್ಷ
ಗಂಡಸರ ಬಟ್ಟೆ ಒಗೆದವಳು ದಾರೆಜಾನ್.
ಬೆವರು ಮೂಸಿಯೇ ಹೇಳುತ್ತಿದ್ದಳಂತೆ:
ಇದು ಇಂಥವನದು, ಇವನಿಗೆ ಜ್ವರ ಬರುವುದರಲ್ಲಿದೆ,
ಮನೆಗೆ ಕಳಿಸಿ.

ಮಾರ್ಚ್‌ನಲ್ಲಿ ನಾಲ್ಕನೇ ಸುರಂಗ ಹೊತ್ತಿಕೊಂಡಿತು.
ಏಳು ಜನ. ಅವಳ ಮಗ ಮಮುಕಾ ಒಬ್ಬ,
ನನ್ನ ಅಪ್ಪ ಒಬ್ಬ.
ಸುಟ್ಟ ಕಲ್ಲುಗಳ ನಡುವೆ ಕರಗಿದ ಲೈಟರೊಂದು ಸಿಕ್ಕಿತು,
ಯಾರದೆಂದು ಅದರ ಮೇಲೆ ಬರೆದಿರಲಿಲ್ಲ.
ಬರೆದದ್ದು ನಾವು.
ಏಳರಲ್ಲಿ ಕಿರಿಯವ, ಮದುವೆಯಾಗದವ, ಗಿಟಾರು ಹಿಡಿದು ತಿರುಗುವವ,
ಇನ್ಯಾರು ತಾನೆ ಗಣಿಗೆ ಬೆಂಕಿ ಒಯ್ಯುತ್ತಾರೆ?
ಸಂಜೆಯೊಳಗೆ ತೀರ್ಪು.
ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು.

ರೊಟ್ಟಿ ಅಂಗಡಿಯ ಸಾಲಿಗೆ ಅವಳು ಬಂದರೆ
ಮಾತು ಒಲೆಯೊಳಗೆ ಬಿದ್ದಂತೆ ನಿಲ್ಲುತ್ತಿತ್ತು.
ರೊಟ್ಟಿಯವ ಸೀದದ್ದನ್ನೇ ಆರಿಸಿ ಕೊಡುತ್ತಿದ್ದ.
ಅವಳು ಚಿಲ್ಲರೆ ಎಣಿಸಿಟ್ಟು
“ನಿನ್ನ ಕೈ ತಂಪಾಗಿರಲಿ” ಎಂದು ಹೋಗುತ್ತಿದ್ದಳು.
ಅದಕ್ಕೇ ಸಿಟ್ಟು ನಮಗೆ.
ಅಳಬೇಕಿತ್ತು ಅವಳು, ಕಾಲಿಗೆ ಬೀಳಬೇಕಿತ್ತು,
ಇಲ್ಲವೇ ನನ್ನ ಮಗ ಅಂಥವನಲ್ಲ ಎಂದು ಕೂಗಬೇಕಿತ್ತು.
ಎರಡೂ ಮಾಡದ ಹೆಂಗಸನ್ನು
ಎಲ್ಲಿ ಹಿಡಿದು ಹೊಡೆಯುವುದು?

ನಲವತ್ತನೆಯ ದಿನ ಮನೆ ಮನೆಗೆ ಬಂದಳು.
ಕೆಳಗಿಳಿಯುವ ಮುನ್ನ ಅವರು ಕಳಚಿಟ್ಟ ಅಂಗಿ, ಷರಾಯಿ, ಕೋಟು,
ಒಗೆದು, ಹರಿದಲ್ಲಿ ಹೊಲಿದು, ಇಸ್ತ್ರಿ ಮಾಡಿ,
ಮಡಿದವರದನ್ನು ಮಡಿ ಮಾಡಿ, ಮಡಿಸಿ,
ಜೇಬಿನಲ್ಲಿ ಸಿಕ್ಕಿದ್ದನ್ನು ಬೇರೆ ಕಾಗದದಲ್ಲಿ ಕಟ್ಟಿ.
ಒಬ್ಬರು ಈಸಿಕೊಂಡರು. ಒಬ್ಬರು ನಾಯಿ ಬಿಟ್ಟರು.
ನನ್ನ ಅಮ್ಮ ಲಾಮಾರಾ
ಅಂಗಿಯನ್ನು ಕೆಸರಿಗೆಸೆದಳು. ಅವಳ ಎದುರೇ.
ದಾರೆಜಾನ್ ಎತ್ತಿಕೊಂಡಳು,
ಮಗುವನ್ನು ಎತ್ತಿಕೊಂಡಂತೆ ಎಂದು ಹೇಳಲಾರೆ,
ಬಟ್ಟೆಯನ್ನು ಎತ್ತಿಕೊಂಡಂತೆಯೇ, ಕೆಲಸದವಳಂತೆ.
ಮರುದಿನ ಅದೇ ಹೊತ್ತಿಗೆ ಮತ್ತೆ ಬಾಗಿಲು ತಟ್ಟಿದ ಸದ್ದು.
ಅಂಗಿ ಇನ್ನೂ ಬಿಸಿಯಿತ್ತು.

ಪೊಟ್ಟಣವನ್ನು ಅಮ್ಮ ರಾತ್ರಿ ಬಿಚ್ಚಿದಳು.
ನನಗೆ ಒಂಬತ್ತು, ನಿದ್ದೆ ಬಂದವಳಂತೆ ಮಲಗಿದ್ದೆ.
ಮೂರು ಸೂರ್ಯಕಾಂತಿ ಬೀಜ. ಬಸ್ಸಿನ ಚೀಟಿ.
ಸಿಗರೇಟಿನ ಪ್ಯಾಕು, ಅರ್ಧ ಖಾಲಿ.
ಅದಕ್ಕೆ ರಬ್ಬರ್ ಬ್ಯಾಂಡು ಸುತ್ತಿ
ಅಪ್ಪ ಸದಾ ಸಿಕ್ಕಿಸಿಡುತ್ತಿದ್ದ ಲೈಟರ್ ಇರಲಿಲ್ಲ.
ರಬ್ಬರ್ ಬ್ಯಾಂಡು ಇತ್ತು.

ಅದರಿಂದ ಏನೂ ಸಾಬೀತಾಗುವುದಿಲ್ಲ. ಗೊತ್ತು.
ಕಳೆದಿರಬಹುದು, ಯಾರೋ ಕೇಳಿ ಪಡೆದಿರಬಹುದು,
ಮಮುಕಾನೇ ಕೇಳಿರಬಹುದು.
ಒಂದೇ ಒಂದು ಸಿಗರೇಟನ್ನು ಕಿವಿಸಂದಿಗೆ ಸಿಕ್ಕಿಸಿಕೊಳ್ಳುವ
ಅಪ್ಪನ ಅಭ್ಯಾಸ ಮಾತ್ರ
ನನಗೆ ನೆನಪಿದೆ.
ದಾರೆಜಾನಳ ಬೆರಳುಗಳಿಗೂ ನೆನಪಿದ್ದಿರಬೇಕು,
ಇಪ್ಪತ್ತಾರು ವರ್ಷ ಜೇಬು ತಡವಿದ ಬೆರಳು.
ಆ ಪ್ಯಾಕನ್ನು ಊರ ಮುಂದೆ ಒಮ್ಮೆ ಎತ್ತಿ ಹಿಡಿದಿದ್ದರೆ ಸಾಕಿತ್ತು,
ಕಣ್ಣೆಲ್ಲ ನಮ್ಮ ಬಾಗಿಲಿಗೆ ತಿರುಗುತ್ತಿದ್ದವು.
ಎರಡು ಸಲ ತಂದಳು. ಎರಡು ಸಲವೂ
ಕಾಗದದ ಗಂಟು ಬಿಗಿಯಾಗಿಯೇ ಇತ್ತು.

ಅಮ್ಮ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ತುರುಕಿದಳು.
ಯಾರಿಗೂ ಹೇಳಲಿಲ್ಲ, ಸಾಯುವವರೆಗೂ.
ರೊಟ್ಟಿಯ ಸಾಲಿನಲ್ಲಿ ದಾರೆಜಾನ್ ಬಂದರೆ
ಹಿಂದೆ ಸರಿದು ಜಾಗ ಬಿಡುತ್ತಿದ್ದಳು.
ಊರು ಅದನ್ನು ಅಸಹ್ಯವೆಂದುಕೊಂಡಿತು.

ಈ ಈಸ್ಟರಿಗೆ ಗೋರಿಗಳ ಮೇಲೆ ಕೆಂಪು ಮೊಟ್ಟೆ ಉರುಳಿಸಲು ಹೋದಾಗ
ಮಮುಕಾನ ಕಲ್ಲಿನ ಮುಖದ ಮೇಲೆ
ಯಾರೋ ಎಂದೋ ಎಳೆದ ಗೀರು ಹಾಗೇ ಇತ್ತು.
ಮುದುಕಿ ಪಕ್ಕದಲ್ಲಿ ಕೂತಿದ್ದಳು, ಸೋಪಿಗೆ ಬಿರಿದ ಕೈ ಮಡಿಲಲ್ಲಿ.
ಮೊಟ್ಟೆಯೊಂದನ್ನು ಹಿಡಿದು ನಿಂತೆ. ಹೇಳಲೆಂದೇ ಬಂದಿದ್ದೆ.
ಅವಳು ನನ್ನ ಕಾಲರು ನೋಡಿದಳು.
“ನೀಲಿ ಬಟ್ಟೆಗೆ ಬಿಸಿನೀರು ಹಾಕಬೇಡ, ಹುಡುಗೀ,” ಎಂದಳು.
ಮೊಟ್ಟೆ ಈಸಿಕೊಂಡು, ನಿಧಾನ ಸುಲಿದು,
ಅರ್ಧ ಕೊಟ್ಟಳು,
ಹೇಳಲು ತೆರೆದಿದ್ದ ಬಾಯಿಗೆ.